ಪುಕ್ಕಟೆ ಜಾಗದಲ್ಲಿ ಮಕ್ಕಳ ದಾಖಲೆ



ಅರ್ಜಿ ಪರಿಶೀಲನೆಗೆ ಕೂತಾಗ ನಾವು ಅಂಕಪಟ್ಟಿ ಕೇಳುತ್ತೇವೆ. ‘ವಾಟ್ಸಾಪ್‌ನಲ್ಲಿತ್ತು ಸರ್, ಫೋನ್ ಕೆಟ್ಟುಹೋಯಿತು’ ಎಂಬ ಉತ್ತರ ಮೇಲಿಂದ ಮೇಲೆ ಬರುತ್ತದೆ. ಕೊನೆಯ ದಿನಾಂಕ ಯಾರಿಗೂ ಕಾಯುವುದಿಲ್ಲ. ಓದುವ ಮಗುವಿಗೆ ಒಂದು ವರ್ಷದ ನೆರವು ತಪ್ಪುತ್ತದೆ.

ಪುಕ್ಕಟೆ ಸಿಗುವುದನ್ನು ಬಳಸಬೇಡಿ ಎಂದು ನಾವು ಹೇಳುವುದಿಲ್ಲ. ಆದರೆ ಅದು ಬೇರೆಯವರ ಮನೆಯ ಜಗಲಿ, ನಿಯಮ ಅವರದು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ನಿಂತಿತು. ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಜಾಗವನ್ನು 2021ರ ಜೂನ್ 1ರಿಂದ ನಿಲ್ಲಿಸಿತು. ಎರಡು ವರ್ಷ ಬಳಸದ ಗೂಗಲ್ ಖಾತೆಯನ್ನು ಅಳಿಸಬಹುದೆಂಬ ನಿಯಮ 2023ರಲ್ಲಿ ಬಂತು. ಅರ್ಜಿಗೆಂದು ಸೈಬರ್ ಸೆಂಟರ್‌ನಲ್ಲಿ ತೆರೆಸಿ, ಪಾಸ್‌ವರ್ಡ್ ಮರೆತುಬಿಟ್ಟ ಜಿಮೇಲ್‌ಗೂ ಇದೇ ಗತಿ.

ಆದ್ದರಿಂದ ಮನೆಯಲ್ಲೇ ಒಂದು ಫೈಲ್ ಮಾಡಿ. ಮೂಲ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಜೊತೆಗೆ ಎರಡು ಸೆಟ್ ಜೆರಾಕ್ಸ್ ಅದರಲ್ಲಿರಲಿ. ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಡಿ. ಆರ್‌ಡಿ ಸಂಖ್ಯೆ, ಎಸ್‌ಎಸ್‌ಪಿ ಐಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಟಿಪಿ ಬರುವ ನಂಬರು ಮನೆಯವರದೇ ಆಗಿರಲಿ. ರೀಚಾರ್ಜ್ ಮಾಡದೆ ಬಿಟ್ಟರೆ ಅದು ಬೇರೆಯವರ ಪಾಲಾಗಬಹುದು. ಸರ್ಕಾರದ ಡಿಜಿಲಾಕರ್ ಬಳಸಿ, ಆದರೂ ಕಾಗದ ಬಿಸಾಡಬೇಡಿ.

ದಾನಿಗಳ ಹಣ ನಮ್ಮ ಬಳಿ ಅಮಾನತ್. ಒಂದು ಕಾಗದ ಸಿಗಲಿಲ್ಲವೆಂದು ಅದು ಅರ್ಹ ಮಗುವಿಗೆ ತಲುಪದೆ ಹೋಗಬಾರದು. ಇವತ್ತು ಮನೆಗೆ ಹೋದವರೇ ಆ ಫೈಲ್ ಮಾಡಿ.