ಹೆಂಚಿನ ಚಾವಣಿಯ ಜೀರ್ಣೋದ್ಧಾರ: ಬರೆಯದೆ ಉಳಿದ ಲೆಕ್ಕ

(ಮಾದಿಹಳ್ಳಿಯ ಮನೆ ಮಾಲೀಕರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಯುಗಾದಿ ಕಳೆದು ಮೊದಲ ಗುಡುಗು ಕೇಳಿಸುವ ಹೊತ್ತಿಗೆ ಹೆಂಚಿನ ಮನೆಯವರು ತಲೆಯೆತ್ತಿ ಚಾವಣಿಯನ್ನು ನೋಡತೊಡಗುತ್ತಾರೆ. ಹಿಂದಿನ ಮಳೆಗಾಲದಲ್ಲಿ ಪಾತ್ರೆ ಇಟ್ಟ ಜಾಗಗಳು ನೆನಪಾಗುತ್ತವೆ. ಕೆಲಸದವರನ್ನು ಕರೆದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಎರಡೇ: ಎಲ್ಲವನ್ನೂ ಕಿತ್ತು ಶೀಟು ಹೊದಿಸಿ, ಇಲ್ಲವೇ ತಾರಸಿ ಹಾಕಿ. ಇರುವ ಚಾವಣಿಯನ್ನೇ ಮತ್ತೆ ಗಟ್ಟಿಮಾಡಲು ಎಷ್ಟು ತಗಲುತ್ತದೆ ಎಂಬ ಮೂರನೆಯ ಲೆಕ್ಕವನ್ನು ಯಾರೂ ಬರೆದುಕೊಡುವುದಿಲ್ಲ. ಶುಂಠಿಯ ಹಣವೋ ಸಂಘದ ಸಾಲವೋ ಅನೇಕ ಮನೆಗಳಲ್ಲಿ ಕರಗುವುದು ಈ ಬರೆಯದ ಲೆಕ್ಕದಿಂದಲೇ.

ಮೊದಲು ಅಳತೆ. ಮನೆಯ ನೆಲ 30 ಅಡಿ ಉದ್ದ, 24 ಅಡಿ ಅಗಲವಿದ್ದರೆ ಅದು 720 ಚದರ ಅಡಿ. ಆದರೆ ಚಾವಣಿ 720 ಅಲ್ಲ. ಸುತ್ತಲೂ ಎರಡೆರಡು ಅಡಿ ಸೂರು ಚಾಚಿದರೆ 34 ಮತ್ತು 28 ಅಡಿ ಆಯಿತು. 30 ಡಿಗ್ರಿ ಇಳಿಜಾರಿನ ಎರಡು ಮಗ್ಗುಲಿನ ಚಾವಣಿಯಾದರೆ ಒಂದೊಂದು ಮಗ್ಗುಲೂ ನೆತ್ತಿಯಿಂದ ಸೂರಿಗೆ ಸುಮಾರು 16 ಅಡಿ ಇಳಿಯುತ್ತದೆ. ಒಟ್ಟು ಹತ್ತಿರ ಹತ್ತಿರ 1,100 ಚದರ ಅಡಿ. ನೆಲದ ಅಳತೆಗೆ ದರ ಮಾತನಾಡಿ, ಕೆಲಸ ಮುಗಿದ ಮೇಲೆ ಇಳಿಜಾರಿನ ಅಳತೆಗೆ ಹಣ ಕೊಡಬೇಕಾದಾಗ ಹುಟ್ಟುವ ಜಗಳಗಳ ಮೂಲ ಇದು. ತ್ರಿಕೋನಮಿತಿ ಏಕೆ ಕಲಿಯಬೇಕೆಂದು ಕೇಳುವ ಪ್ರೌಢಶಾಲೆಯ ಮಕ್ಕಳು ಒಂದು ಭಾನುವಾರ ಟೇಪು ಹಿಡಿದು ತಮ್ಮ ಮನೆಯನ್ನೇ ಅಳೆಯಬಹುದು.

ಮಂಗಳೂರು ಹೆಂಚು ನೂರು ಚದರ ಅಡಿಗೆ ಸುಮಾರು 140ರಿಂದ 150 ಬೇಕು. ಎಂದರೆ ಈ ಮನೆಗೆ 1,600ರ ಆಸುಪಾಸು. ಹೆಂಚು ಕೂರುವ ರೀಪರುಗಳ ನಡುವಿನ ಅಂತರ ಒಂದಡಿಗಿಂತ ತುಸು ಹೆಚ್ಚು. ಆದ್ದರಿಂದ ಚದರ ಅಡಿಗೆ ಒಂದು ರನ್ನಿಂಗ್ ಅಡಿ ರೀಪರು ಎಂದು ಹಿಡಿದರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಇವೆರಡಕ್ಕೂ ಬೇಲೂರಿನಲ್ಲೋ ಹಳೇಬೀಡಿನಲ್ಲೋ ಆ ವಾರ ನಡೆಯುತ್ತಿರುವ ದರವನ್ನು ಕೇಳಿ ಗುಣಿಸಿಕೊಳ್ಳಬೇಕು. ಅದರ ಮೇಲೆ ಬಿಚ್ಚುವ, ತೊಳೆಯುವ, ಮತ್ತೆ ಹೊದಿಸುವ ಕೂಲಿ, ನೆತ್ತಿಯ ಗಾರೆ, ಕೆಲಸ ನಡೆಯುವ ದಿನಗಳಲ್ಲಿ ಮುಚ್ಚಲು ಟಾರ್ಪಾಲು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಚಾವಣಿ ಸೋತಿದೆ ಎಂದು ಹೇಳುವಾಗ ಸೋತಿರುವುದು ಬಹುಪಾಲು ಹೆಂಚಲ್ಲ, ಅದರ ಕೆಳಗಿನ ಮರ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಅಲ್ಲಿಂದ ಮುಂದೆ ಕರಾವಳಿಯ ಕಾರ್ಖಾನೆಗಳಲ್ಲಿ ಸುಟ್ಟು, ಘಟ್ಟ ಹತ್ತಿ ಬಂದ ಹೆಂಚುಗಳು ಮೂರು ತಲೆಮಾರು ಕಂಡ ಮೇಲೂ ಗಟ್ಟಿಯಾಗಿರುವುದುಂಟು. ಒಂದು ಹೆಂಚನ್ನು ಕೈಯಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿದರೆ, ಕಂಚಿನ ದನಿ ಬಂದರೆ ಉಳಿಸಬೇಕು, ಬಿರುಕಿನ ದನಿ ಬಂದರೆ ಬಿಡಬೇಕು. ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಒಣಗಿದ ಹೆಂಚನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಬೇಕು. ಎರಡೂವರೆ ಕಿಲೋ ಹೆಂಚು ನೂರಕ್ಕೆ ಹದಿನೈದರಷ್ಟು ನೀರು ಕುಡಿದರೆ, ಮಳೆಗಾಲದಲ್ಲಿ 1,600 ಹೆಂಚಿನ ಚಾವಣಿ 600 ಕಿಲೋ ಹೆಚ್ಚು ತೂಗುತ್ತದೆ. ಗೆದ್ದಲು ತಿಂದ ಮರದ ಮೇಲೆ ಈ ಭಾರ ಬಿದ್ದಾಗಲೇ ನಡು ಬಾಗುವುದು.

ಆದ್ದರಿಂದ ಹಣವಿದ್ದಷ್ಟನ್ನೂ ಮೊದಲು ಮರಕ್ಕೆ ಹಾಕುವುದು ವಿವೇಕ. ತೋಟದ ಸಿಲ್ವರ್ ಓಕ್ ಅಗ್ಗವೆಂದು ಹಸಿಯಾಗಿಯೇ ಕೊಯ್ಯಿಸಿ ಹೊಡೆದರೆ ಅದು ತಿರುಚಿಕೊಂಡು ಹೆಂಚಿನ ಸಾಲನ್ನೇ ಎತ್ತಿಬಿಡುತ್ತದೆ. ಚೆನ್ನಾಗಿ ಒಣಗಿಸಿ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಬಳಸುವುದು ಮೇಲು. ಈ ಮದ್ದು ಮಳೆಯಲ್ಲಿ ತೊಳೆದುಹೋಗುವಂಥದ್ದಾದ್ದರಿಂದ ಹೆಂಚಿನ ಕೆಳಗಿನ ಮರಕ್ಕೆ ಮಾತ್ರ ಸಲ್ಲುತ್ತದೆ.

ಹಳೆಯ ಹೆಂಚಿನ ನಡುವೆ ಅಲ್ಲಲ್ಲಿ ಹೊಸ ಹೆಂಚು ತುರುಕುವುದು ಇನ್ನೊಂದು ದೋಷ. ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಬೇರೆ; ಗಾಡಿಗೆ ಗಾಡಿ ಕೂರದಿದ್ದರೆ ಗಾಳಿಮಳೆಯ ನೀರು ಆ ಸಂದಿನಲ್ಲೇ ಒಳಬರುತ್ತದೆ. ಎಲ್ಲವನ್ನೂ ಇಳಿಸಿ, ಗಟ್ಟಿಯಾದ ಹಳೆಯವನ್ನು ಒಂದು ಮಗ್ಗುಲಿಗೆ ಕೂಡಿಸಿ, ಕೊರತೆಯಾದ ಮಗ್ಗುಲಿಗೆ ಪೂರ್ತಿ ಹೊಸತನ್ನು ಹೊದಿಸಿದರೆ ಎರಡೂ ಒಳ್ಳೆಯವೇ. ಅರ್ಧದಷ್ಟು ಹೆಂಚಿನ ಖರ್ಚು ಉಳಿಯಿತು. ಅಷ್ಟು ಹೆಂಚಿಗೆ ಬೇಕಾದ ಗದ್ದೆಯ ಜೇಡಿಮಣ್ಣು, ಗೂಡಿನ ಸೌದೆಯೂ ಉಳಿಯಿತು. ಹಿತ್ತಿಲಲ್ಲಿ ಐವತ್ತು ಹೆಂಚನ್ನು ಪೇರಿಸಿಟ್ಟುಕೊಳ್ಳುವುದನ್ನೂ ಖರ್ಚಿನಲ್ಲಿ ಸೇರಿಸಬೇಕು. ಕೋತಿಗಳಿಗೆ ಯಾವ ಅಂದಾಜು ಪಟ್ಟಿಯೂ ತಿಳಿಯದು.

ಈಚೆಗೆ ಚಾವಣಿಗೆ ಮರುಜೀವ ಕೊಡುವ ದ್ರಾವಣಗಳ ಮಾತು ಕೇಳಿಬರುತ್ತದೆ. ಅಮೆರಿಕದಲ್ಲಿ ಮನೆಗಳಿಗೆ ಹೊದಿಸುವುದು ಬಹುವಾಗಿ ಡಾಂಬರಿನ ಹಾಳೆಗಳನ್ನು; ಅವು ಒಣಗಿ ಬಿರುಸಾದಾಗ ಸೋಯಾ ಎಣ್ಣೆ ಬೆರೆತ ದ್ರಾವಣ ಸಿಂಪಡಿಸುವ ಪದ್ಧತಿ ಅಲ್ಲಿದೆ. ಸುಟ್ಟ ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಹೆಂಚಿಗೆ ಬಳಿಯುವ ಬಣ್ಣ ಕಣ್ಣಿಗೆ ಚೆಂದ. ಒಡೆದ ಹೆಂಚನ್ನಾಗಲಿ ಕೊಳೆತ ರೀಪರನ್ನಾಗಲಿ ಅದು ಸರಿಪಡಿಸದು. ಬ್ರಷ್ಷಿನಿಂದ ಪಾಚಿ ಉಜ್ಜಿ ತೆಗೆಯುವುದು ಅದಕ್ಕಿಂತ ಅಗ್ಗ.

ತಾರಸಿಯ ಲೆಕ್ಕದಲ್ಲಿ ಅಡಗಿರುವುದು ಗೋಡೆ. ನಾಲ್ಕಂಗುಲದ ಕಾಂಕ್ರೀಟು ಚದರ ಮೀಟರಿಗೆ ಸುಮಾರು 250 ಕಿಲೋ. ಅದೇ 720 ಚದರ ಅಡಿಗೆ 16 ಟನ್ನಿಗೂ ಮಿಕ್ಕಿದ ಭಾರ. ಇಡೀ ಚಾವಣಿಯ ಹೆಂಚು ತೂಗುವುದು ಸುಮಾರು ನಾಲ್ಕು ಟನ್ನು. ಮಣ್ಣಿನ ಗೋಡೆ ಇದನ್ನು ಹೊರುತ್ತದೆ, ಅದನ್ನು ಹೊರಲಾರದು. ತಾರಸಿ ಎಂದರೆ ಹೊಸ ಮನೆಯೇ ಎಂದು ಮೊದಲೇ ತಿಳಿದಿರಬೇಕು. ಇನ್ನು ಕಲ್ನಾರಿನ ಸಿಮೆಂಟ್ ಶೀಟು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈಗಾಗಲೇ ಅಂಥ ಶೀಟು ಇರುವವರು ಅದನ್ನು ಒಣಗಿದಾಗ ಕೊಯ್ಯುವುದು, ಉಜ್ಜುವುದು, ಒಡೆಯುವುದು ಕೂಡದು.

ಮಳೆಹಾನಿಯ ಪರಿಹಾರದಿಂದ ಚಾವಣಿ ಎದ್ದೀತೆಂಬ ನಂಬಿಕೆಯೂ ಪರಿಶೀಲನೆಗೆ ತಕ್ಕದ್ದು. ಕೇಂದ್ರ ಸರ್ಕಾರ 2022ರಿಂದ 2026ರವರೆಗಿನ ಅವಧಿಗೆ ಗೊತ್ತುಪಡಿಸಿದ ವಿಪತ್ತು ಪರಿಹಾರ ಮಾನದಂಡದಂತೆ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಅದೂ ಹಾನಿ ನೂರಕ್ಕೆ 15ರಷ್ಟಾದರೂ ಇದ್ದಾಗ. 1,100 ಅಡಿ ರೀಪರಿನ ಬೆಲೆಯೊಂದಿಗೆ ಈ ಮೊತ್ತವನ್ನು ಹೋಲಿಸಿ ನೋಡಿದರೆ ಸಾಕು. ಒಂದು ಹೆಂಚು ಸರಿದ ಜಾಗದಿಂದ ಇಳಿದ ನೀರು ಮೊದಲ ವರ್ಷ ರೀಪರನ್ನು, ಮುಂದೆ ಪಕಾಸನ್ನು, ಕೊನೆಗೆ ಮಣ್ಣಿನ ಗೋಡೆಯ ನೆತ್ತಿಯನ್ನು ತಿನ್ನುತ್ತದೆ. ಗೋಡೆ ಕುಸಿದ ದಿನ ಒಳಗೆ ಮಲಗಿದವರಿದ್ದರೆ ಅದಕ್ಕೆ ಲೆಕ್ಕವೇ ಇಲ್ಲ. ಮಳೆಗೆ ಮುಂಚೆ ಚಾವಣಿಯ ಒಳಮೈ ಹೊರಮೈಗಳ ಛಾಯಾಚಿತ್ರವನ್ನು ದಿನಾಂಕ ಸಹಿತ ತೆಗೆದಿಟ್ಟುಕೊಂಡರೆ, ಹಾನಿಯಾದಾಗ ಗ್ರಾಮ ಆಡಳಿತಾಧಿಕಾರಿಯ ಮುಂದೆ ಮೊದಲು ಹೇಗಿತ್ತು ಎಂದು ತೋರಿಸಲು ಅದೇ ಆಧಾರ. ಮನೆಯಲ್ಲಿ ಮೊಬೈಲು ಇರುವ ಮಕ್ಕಳು ಅಕ್ಕಪಕ್ಕದ ವೃದ್ಧರ ಮನೆಗಳಿಗೂ ಈ ಒಂದು ಕೆಲಸವನ್ನು ಮೇ ತಿಂಗಳೊಳಗೆ ಮಾಡಿಕೊಡಬಹುದು.