ಮೈಕು ನಮ್ಮದು, ದುಡ್ಡು ಯಾರದು?



ಕೇಬಲ್ ಚಾನೆಲ್ ಪತ್ರಕರ್ತರ ಇಂಥ ಸಮ್ಮೇಳನಗಳಲ್ಲಿ ಅಧ್ಯಕ್ಷ ಪೀಠದಲ್ಲಿ ಕೂತವರು ವೃತ್ತಿಯ ಹಿರಿಮೆಯನ್ನು ಕೊಂಡಾಡಿ ಇಳಿಯುವುದು ವಾಡಿಕೆ. ಮೈಸೂರು ಸೀಮೆಯಲ್ಲಿ ಅದಕ್ಕೆ ಸಾಮಗ್ರಿಯ ಕೊರತೆಯೂ ಇಲ್ಲ. 1908ರ ಪತ್ರಿಕಾ ಕಾಯ್ದೆಗೆ ತಲೆಬಾಗುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರ ನೆಲ ಇದು. ಆದರೆ ತಾತಯ್ಯನವರಿಗೆ ಸರ್ಕಾರ ಹಾಕಲು ಬಂದ ಮೂಗುದಾರ ಊರಿಗೆಲ್ಲ ಕಾಣುತ್ತಿತ್ತು. ಇವತ್ತು ನಮ್ಮ ಮೂಗಿಗೆ ಬಿದ್ದಿರುವುದು ಯಾರಿಗೂ ಕಾಣುವುದಿಲ್ಲ. ಅದನ್ನು ಮರೆಮಾಡುತ್ತಿರುವವರು ನಾವೇ. ಆದ್ದರಿಂದ ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ: ದುಡ್ಡು ತೆಗೆದುಕೊಂಡು ಮಾಡಿದ ಜಾಹೀರಾತನ್ನು ಸುದ್ದಿ ಎಂದು ತೋರಿಸುವುದು.

ನೀವೆಲ್ಲ ನೋಡಿರುವ ಅರ್ಧ ಗಂಟೆಯ 'ವಿಶೇಷ ವರದಿ'ಯನ್ನೇ ತೆಗೆದುಕೊಳ್ಳಿ. ಮೊದಲು ಚಾನೆಲ್‌ನ ಸುದ್ದಿ ಸಂಗೀತ, ಕೆಂಪು ಪಟ್ಟಿಯಲ್ಲಿ 'ಎಕ್ಸ್‌ಕ್ಲೂಸಿವ್'. ರಾತ್ರಿ ವಾರ್ತೆ ಓದುವ ಹುಡುಗನೇ ಲೋಗೋ ಮೈಕು ಹಿಡಿದು ಹೊಸ ಬಡಾವಣೆಯ ಕಮಾನಿನ ಕೆಳಗೆ ನಿಂತಿರುತ್ತಾನೆ. ಹಿಂದೆ ಜೆಸಿಬಿ ಎಳೆದ ಜಲ್ಲಿ ರಸ್ತೆ, ಸುಣ್ಣ ಬಳಿದ ಕಲ್ಲುಗಳ ಮೇಲೆ ಸೈಟ್ ನಂಬರು, ಮೊಣಕಾಲುದ್ದದ ತೆಂಗಿನ ಸಸಿಗಳು. 'ಬಡವರಿಗೂ ಸೂರು ಸಿಗಬೇಕೆಂಬ ಈ ಆಲೋಚನೆ ತಮಗೆ ಹೇಗೆ ಬಂತು ಸಾರ್?' ಎಂಬುದು ಆತನ ಪ್ರಶ್ನೆ. 'ಇನ್ನೈದು ವರ್ಷಕ್ಕೆ ಮೈಸೂರೇ ಇಲ್ಲಿಗೆ ಬರುತ್ತೆ' ಎಂಬುದು ಮಾಲೀಕರ ಉತ್ತರ. ಕೆಳಗೆ ಮೊಬೈಲ್ ನಂಬರು ಓಡುತ್ತಿರುತ್ತದೆ. ಜಮೀನು ಅಲಿನೇಷನ್ ಆಗಿದೆಯೇ, ನಕ್ಷೆಗೆ ಅನುಮೋದನೆ ಸಿಕ್ಕಿದೆಯೇ, ಇದು ರೆವಿನ್ಯೂ ಸೈಟೇ ಎಂದು ಯಾರೂ ಕೇಳುವುದಿಲ್ಲ.

ಇದು ಪ್ರಸಾರವಾಗುವ ಕಾಲವನ್ನೂ ಗಮನಿಸಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಮಾರುಕಟ್ಟೆಯಲ್ಲಿ ತಂಬಾಕಿನ ಬೇಲ್‌ಗಳು ಮಾರಾಟವಾಗಿ ರೈತರ ಖಾತೆಗೆ ದುಡ್ಡು ಬೀಳುವ ತಿಂಗಳುಗಳಲ್ಲೇ ಇಂಥ ವರದಿಗಳ ಸುಗ್ಗಿ. ಬ್ಯಾರನ್ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಸೊಪ್ಪು ಬೇಯಿಸಿದವನ ವರ್ಷದ ದುಡಿಮೆ ಎಲ್ಲಿದೆಯೆಂದು ಸೈಟು ಮಾರುವವರಿಗೆ ಗೊತ್ತು. ಆ ರೈತ ಸೈಟು ಮಾರುವವನನ್ನು ನಂಬಲಾರ. ದಿನವೂ ಮನೆಯೊಳಗೆ ಬರುವ ನಮ್ಮ ಹುಡುಗನನ್ನು ನಂಬುತ್ತಾನೆ.

ಜಾಹೀರಾತು ಪಾಪವಲ್ಲ. ಜವಳಿ ಅಂಗಡಿಯವರು, ಶಾಲೆಯವರು, ಟ್ರ್ಯಾಕ್ಟರ್ ಷೋರೂಮಿನವರು ಬಹಿರಂಗವಾಗಿಯೇ ಜಾಹೀರಾತು ಕೊಡುತ್ತಾರೆ, ನಮ್ಮ ಹೊಟ್ಟೆ ತುಂಬುವುದೂ ಅದರಿಂದಲೇ. ಹಾಗಿದ್ದರೆ ಕೆಲವರಿಗೆ ಮಾತ್ರ ಸುದ್ದಿಯ ವೇಷ ಯಾಕೆ ಬೇಕು? ನನ್ನ ಉತ್ತರ ಇಷ್ಟು: ಆ ವೇಷ ಅಂದಕ್ಕಲ್ಲ, ಕಾನೂನಿಂದ ತಪ್ಪಿಸಿಕೊಳ್ಳುವುದಕ್ಕೆ.

2016ರ ರೆರಾ ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು ನೋಂದಣಿ ಮಾಡಿಸದೆ ಜಾಹೀರಾತು ಮಾಡುವಂತಿಲ್ಲ. ನೋಂದಣಿ ಸಂಖ್ಯೆ ಜಾಹೀರಾತಿನಲ್ಲಿ ಎದ್ದು ಕಾಣಬೇಕು. 'ವಿಶೇಷ ವರದಿ'ಯಲ್ಲಿ ಆ ಸಂಖ್ಯೆಯನ್ನು ಯಾರು ಹುಡುಕುತ್ತಾರೆ? ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಪಾರ್ಶ್ವವಾಯು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆ ಕಾಯ್ದೆ ನಿಷೇಧಿಸಿದೆ. ತಪ್ಪಿದವರಿಗೆ ಜೈಲು ಶಿಕ್ಷೆಯನ್ನೂ ಹೇಳಿದೆ. ಅದಕ್ಕೇ ಆ ಜಾಹೀರಾತು 'ಆರೋಗ್ಯ ಸಂವಾದ' ಆಗುತ್ತದೆ. ಫೋನ್ ಮಾಡುವವರು ಮೊದಲೇ ಗೊತ್ತು ಮಾಡಿದವರು, ಗುಣವಾಯಿತೆನ್ನುವವರೂ ಅವರೇ. ಶುಂಠಿ ಬೆಳೆಗಾರನ ಕೊಳೆರೋಗದ ಸಂಕಟಕ್ಕೆ ಬಾಟಲಿ ಮಾರುವವರು 'ಪ್ರಗತಿಪರ ರೈತನ ಯಶೋಗಾಥೆ' ಮಾಡಿಸುತ್ತಾರೆ.

ಚುನಾವಣೆಯಲ್ಲಂತೂ ಲೆಕ್ಕ ಇನ್ನೂ ನೇರ. ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ ಕರ್ನಾಟಕದಲ್ಲಿ 2022ರಿಂದ 40 ಲಕ್ಷ ರೂಪಾಯಿ. ಜಾಹೀರಾತು ಕೊಟ್ಟರೆ ಲೆಕ್ಕಕ್ಕೆ ಬರುತ್ತದೆ, 'ಸುದ್ದಿ'ಯಾದರೆ ಬರುವುದಿಲ್ಲ. ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿ ಉಮ್ಲೇಶ್ ಯಾದವ್ ಇಂಥ ಕಾಸಿಗಾಗಿ ಸುದ್ದಿಯ ಖರ್ಚನ್ನು ತೋರಿಸಲಿಲ್ಲವೆಂದು 2011ರ ಅಕ್ಟೋಬರಿನಲ್ಲಿ ಚುನಾವಣಾ ಆಯೋಗ ಅವರನ್ನು ಮೂರು ವರ್ಷ ಅನರ್ಹಗೊಳಿಸಿತು. ನಮ್ಮ ಜಿಲ್ಲೆಯಲ್ಲೂ ಚುನಾವಣೆ ಬಂದಾಗ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ ಎಚ್ಚರವಾಗಿರುತ್ತದೆ. ಫಲಿತಾಂಶ ಬಂದ ಮೇಲೆ ಹುಟ್ಟುಹಬ್ಬದ 'ಜನನಾಯಕ' ಕಾರ್ಯಕ್ರಮಗಳನ್ನು ಕೇಳುವವರೇ ಇಲ್ಲ.

'ಕೇಬಲ್ ಚಾನೆಲ್‌ಗೆ ಯಾವ ಕಾನೂನು ಸಾರ್?' ಎನ್ನುವವರಿದ್ದಾರೆ. ಪತ್ರಿಕಾ ಮಂಡಳಿಯ ವ್ಯಾಪ್ತಿಗೆ ಟಿವಿ ಬರುವುದಿಲ್ಲ, ನಿಜ. ಆದರೆ 1994ರ ಕೇಬಲ್ ನಿಯಮಗಳ 7ನೇ ನಿಯಮ, ಜಾಹೀರಾತು ಕಾರ್ಯಕ್ರಮದಿಂದ ಬೇರೆಯಾಗಿ ಸ್ಪಷ್ಟವಾಗಿ ಕಾಣಬೇಕು ಎನ್ನುತ್ತದೆ. 1995ರ ಕೇಬಲ್ ಕಾಯ್ದೆ ಜಿಲ್ಲಾ ಮ್ಯಾಜಿಸ್ಟ್ರೇಟರನ್ನು, ಪೊಲೀಸ್ ಆಯುಕ್ತರನ್ನು ಮಾತ್ರವಲ್ಲ, ಉಪವಿಭಾಗೀಯ ಮ್ಯಾಜಿಸ್ಟ್ರೇಟರನ್ನೂ, ಅಂದರೆ ನಮ್ಮ ಉಪವಿಭಾಗಾಧಿಕಾರಿಯನ್ನೂ, ಅಧಿಕೃತ ಅಧಿಕಾರಿ ಎಂದು ಹೆಸರಿಸಿದೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಸಾಲಿಗ್ರಾಮ, ಎಚ್.ಡಿ. ಕೋಟೆ, ಸರಗೂರು ತಾಲ್ಲೂಕುಗಳೆಲ್ಲ ಸೇರಿದ್ದು ಹುಣಸೂರು ಉಪವಿಭಾಗಕ್ಕೆ. ಅಂದರೆ ದೂರು ಹಿಡಿದು ದೆಹಲಿಗೆ ಹೋಗಬೇಕಿಲ್ಲ. ಹುಣಸೂರಿನ ಉಪವಿಭಾಗಾಧಿಕಾರಿ ಕಚೇರಿಯ ತನಕ ಹೋದರೆ ಸಾಕು.

ಇನ್ನು ನಮ್ಮ ಹುಡುಗರ ಮಾತು. ತಾಲ್ಲೂಕು ವರದಿಗಾರರ ಪೈಕಿ ಎಷ್ಟು ಮಂದಿಗೆ ತಿಂಗಳ ಸಂಬಳವಿದೆ ಎಂದು ಈ ಸಭೆಯಲ್ಲಿ ಕೈ ಎತ್ತಿಸಿದರೆ ನಮಗೇ ನಾಚಿಕೆಯಾದೀತು. ಲೋಗೋ ಕೊಡುತ್ತಾರೆ, ಐಡಿ ಕಾರ್ಡು ಕೊಡುತ್ತಾರೆ, ಪೆಟ್ರೋಲಿಗೆ ಕೊಡುವುದಿಲ್ಲ. ಯುಗಾದಿಗೆ, ದಸರೆಗೆ, ಸ್ವಾತಂತ್ರ್ಯ ದಿನಕ್ಕೆ ಜಾಹೀರಾತು ಟಾರ್ಗೆಟ್ ಮಾತ್ರ ತಪ್ಪದೆ ಬರುತ್ತದೆ. ಅದರ ಕಮಿಷನ್ನೇ ವರದಿಗಾರನ ಸಂಬಳ. ಬೆಳಗ್ಗೆ ಯಾರ ಹತ್ತಿರ ಜಾಹೀರಾತು ಕೇಳಿದನೋ ಸಂಜೆ ಅವರ ಮೇಲೆ ಬಂದ ದೂರನ್ನು ಅವನೇ ವರದಿ ಮಾಡಬೇಕು. ಹೇಗೆ ಮಾಡಿಯಾನು? ಅವನನ್ನು ಬೈದು ಪ್ರಯೋಜನವಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿದವರನ್ನು ಕೇಳಬೇಕು.

ಪ್ಯಾಕೇಜ್ ಎಂದು ನಾವು ಕರೆಯುವ ಈ ಕಾಸಿಗಾಗಿ ಸುದ್ದಿಯ ವ್ಯವಹಾರದಲ್ಲಿ ಎರಡು ಸರಕುಗಳಿವೆ. ಒಂದು, ತೋರಿಸುವುದು. ಇನ್ನೊಂದು, ತೋರಿಸದಿರುವುದು. ಹೆಚ್ಚು ಬೆಲೆ ಎರಡನೆಯದಕ್ಕೇ. ಬಡಾವಣೆಯ 'ವಿಶೇಷ ವರದಿ' ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಅದೇ ಬಡಾವಣೆಯಲ್ಲಿ ಒಂದೇ ಸೈಟನ್ನು ಇಬ್ಬರಿಗೆ ಮಾರಿದ್ದಾರೆಂದು ಒಬ್ಬ ಬಂದು ಅತ್ತರೆ ಚಾನೆಲ್ ವರ್ಷವಿಡೀ ಬಾಯಿ ಬಿಡುವುದಿಲ್ಲ. ಕಬಿನಿ ಹಿನ್ನೀರಿನ ರೆಸಾರ್ಟ್ ಒಂದರ 'ಪ್ರವಾಸಿ ಸ್ವರ್ಗ' ಕಾರ್ಯಕ್ರಮ ಮಾಡಿದ ಮೇಲೆ, ಪಕ್ಕದ ಆದಿವಾಸಿ ಹಾಡಿಯವರು ನಮ್ಮ ದಾರಿ ಮುಚ್ಚಿದರು ಎಂದರೆ ಕ್ಯಾಮೆರಾ ಅತ್ತ ತಿರುಗೀತೇ? ಪ್ರಸಾರವಾದ ಸುಳ್ಳನ್ನು ವೀಕ್ಷಕ ಒಂದಲ್ಲ ಒಂದು ದಿನ ಹಿಡಿದಾನು. ಪ್ರಸಾರವಾಗದ ನಿಜವನ್ನು ಅವನು ಹಿಡಿಯುವುದು ಎಲ್ಲಿ?

ಇದು ಬಡ ಊರುಗಳ ರೋಗ ಮಾತ್ರ ಎಂದುಕೊಳ್ಳಬೇಡಿ. 2021ರ ಮೇ ತಿಂಗಳಲ್ಲಿ ಅಮೆರಿಕದ ಟಿವಿ ಹಾಸ್ಯಗಾರ ಜಾನ್ ಆಲಿವರ್ ಅವರ ತಂಡ ದಾಂಪತ್ಯ ಸುಖ ಹೆಚ್ಚಿಸುವ ಆಯಸ್ಕಾಂತದ ಕಂಬಳಿ ಎಂಬ ಬೋಗಸ್ ವಸ್ತು ಸೃಷ್ಟಿಸಿ, ಸ್ಥಳೀಯ ಚಾನೆಲ್‌ಗಳಿಗೆ ದುಡ್ಡು ಕಟ್ಟಿತು. ಡೆನ್ವರ್, ಆಸ್ಟಿನ್ ಮತ್ತು ಯೂಟಾದ ಚಾನೆಲ್‌ಗಳು ನಗುನಗುತ್ತಾ ಸಂದರ್ಶನ ಮಾಡಿ ಪ್ರಸಾರ ಮಾಡಿದವು. ಕಂಬಳಿ ನಿಜವೇ ಎಂದು ಯಾರೂ ಪರೀಕ್ಷಿಸಲಿಲ್ಲ.

'ಜಾಹೀರಾತು ಎಂದು ಬರೆದರೆ ಯಾರು ದುಡ್ಡು ಕೊಡ್ತಾರೆ?' ಎಂದು ಮಾಲೀಕರು ಕೇಳುತ್ತಾರೆ. ಆ ಪ್ರಶ್ನೆಯಲ್ಲೇ ಉತ್ತರವಿದೆ. ಹೆಸರು ಹೇಳಿದ ಕೂಡಲೇ ಬೆಲೆ ಇಳಿಯುವುದಾದರೆ, ಮಾರುತ್ತಿದ್ದದ್ದು ಪ್ರಸಾರದ ಸಮಯವನ್ನಲ್ಲ, ವೀಕ್ಷಕರ ನಂಬಿಕೆಯನ್ನು. ಅದು ಚಾನೆಲ್ಲಿನ ಸ್ವತ್ತಲ್ಲ.

ಆದ್ದರಿಂದ ಈ ಸಮ್ಮೇಳನದ ಮುಂದೆ ಕೆಲವು ನಿರ್ಣಯಗಳನ್ನು ಇಡುತ್ತಿದ್ದೇನೆ. ದುಡ್ಡು ಪಡೆದ ಪ್ರತಿ ಕಾರ್ಯಕ್ರಮದ ಮೇಲೆ ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ 'ಜಾಹೀರಾತು' ಎಂಬ ಪದ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು. ವಾರ್ತೆ ಓದುವವರು, ಲೋಗೋ ಮೈಕು, ಸುದ್ದಿ ಸಂಗೀತ ಅದರಲ್ಲಿ ಬಳಕೆಯಾಗಬಾರದು. ಸೈಟಾದರೆ ರೆರಾ ಸಂಖ್ಯೆ ಪರದೆಯ ಮೇಲೆ ಬರುವ ತನಕ ಕ್ಯಾಮೆರಾ ಹೊರಡಬಾರದು. ಕಾಯಿಲೆ ಗುಣಪಡಿಸುವ ಭರವಸೆಗೆ ಎಷ್ಟೇ ದುಡ್ಡು ಕೊಟ್ಟರೂ ಜಾಗವಿರಬಾರದು. ವರದಿಗಾರನಿಂದ ಜಾಹೀರಾತು ವಸೂಲಿ ಮಾಡಿಸುವುದು ನಿಲ್ಲಬೇಕು. ಆ ಕೆಲಸಕ್ಕೆ ಬೇರೆ ಜನ, ವರದಿಗಾರನಿಗೆ ತಿಂಗಳ ಸಂಬಳ. ಚುನಾವಣೆ ಘೋಷಣೆಯಾದ ದಿನವೇ ಪ್ರತಿ ಚಾನೆಲ್ ತನ್ನ ಜಾಹೀರಾತು ದರಪಟ್ಟಿಯನ್ನು ಜಿಲ್ಲಾ ಸಮಿತಿಗೆ ಕೊಡಬೇಕು.

ಕೊನೆಯದಾಗಿ ವೀಕ್ಷಕರಿಗೆ ಒಂದು ವಿನಂತಿ. ಅನುಮಾನ ಬಂದ ಕಾರ್ಯಕ್ರಮದ ಹೆಸರು, ಚಾನೆಲ್, ದಿನ, ವೇಳೆ ಇಷ್ಟನ್ನು ಬರೆದಿಟ್ಟು ಹುಣಸೂರಿನ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಿ, ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ. ನಮ್ಮವರ ಮೇಲೆ ದೂರು ಬಂದರೆ ಬೇಸರ ಮಾಡಿಕೊಳ್ಳುವುದಿಲ್ಲ.

ವೃತ್ತಿಬಾಂಧವರೇ, ಈ ನಿರ್ಣಯಗಳನ್ನು ಚಪ್ಪಾಳೆಯಿಂದ ಅಂಗೀಕರಿಸಬೇಡಿ. ಚಪ್ಪಾಳೆಗೆ ವಿಳಾಸವಿರುವುದಿಲ್ಲ. ಚಾನೆಲ್ಲಿನ ಹೆಸರು ಬರೆದು ಕೆಳಗೆ ಸಹಿ ಹಾಕಿ. ಒಪ್ಪದವರು ಒಪ್ಪುವುದಿಲ್ಲ ಎಂದು ಇಲ್ಲೇ ಎದ್ದು ಹೇಳಿ, ಚರ್ಚಿಸೋಣ. ಮಧ್ಯಾಹ್ನದ ಊಟ ಸ್ವಲ್ಪ ತಡವಾದರೂ ಚಿಂತೆಯಿಲ್ಲ.