ಮೆರಿನೋ ಉಣ್ಣೆಯೂ ಕರಿ ಕಂಬಳಿಯೂ



ರೇಷ್ಮೆ ಸೀರೆಗೆ ಹೆಸರಾದ ದೊಡ್ಡಬಳ್ಳಾಪುರದಲ್ಲಿ ಉಣ್ಣೆಯ ಮಾತೇಕೆ ಎನ್ನಬಹುದು. ಚಳಿಗಾಲದಲ್ಲಿ ನಂದಿಬೆಟ್ಟದ ಕಡೆಯಿಂದ ಗಾಳಿ ಬೀಸಿದಾಗ ಇಲ್ಲಿನವರಿಗೂ ರೇಷ್ಮೆ ನೆನಪಾಗುವುದಿಲ್ಲ.

ಸ್ಪೇನಿನಲ್ಲಿ ಹೆಸರು ಮಾಡಿ ಲೋಕಕ್ಕೆ ಹರಡಿದ ಕುರಿತಳಿ ಮೆರಿನೋ. ಅದರ ಉಣ್ಣೆಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ತೆಳು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ದಪ್ಪ ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ, ತೆಳು ಎಳೆ ಬಾಗಿಬಿಡುತ್ತದೆ. ಮೆರಿನೋ ಅಂಗಿ ತೊಟ್ಟರೆ ನವೆಯಾಗದಿರುವ ಗುಟ್ಟು ಇಷ್ಟೇ. ಎಳೆಗಳ ಸುರುಳಿಯಲ್ಲಿ ಸಿಕ್ಕಿಕೊಂಡ ಗಾಳಿ ಮೈಯ ಕಾವನ್ನು ಹೊರಗೆ ಬಿಡದು. ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಉಣ್ಣೆ ಒದ್ದೆಯೆನಿಸದು.

ಬೆಂಗಳೂರಿನ ಉದ್ಯಾನಕ್ಕೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದರು. ನಾಡಕುರಿಯ ಉಣ್ಣೆ ಸುಧಾರಿಸಲೆಂದು ಅವರು ಮೆರಿನೋ ಟಗರುಗಳನ್ನು ತರಿಸಿದರು. ಆ ಪ್ರಯತ್ನ ಬಹುಕಾಲ ನಡೆಯಲಿಲ್ಲ.

ನಾಡಕುರಿಯ ಉಣ್ಣೆ ಒರಟೆಂಬುದು ನಿಜ, ಒಳಂಗಿಗೆ ಆಗದು. ಆದರೆ ಅದನ್ನು ಕೀಳೆನ್ನುವುದು ತಪ್ಪು. ನೂಲಿಗೆ ಹುಣಿಸೆಬೀಜದ ಗಂಜಿ ಹಾಕಿ ಕುರುಬರು ಗುಂಡಿಮಗ್ಗದಲ್ಲಿ ನೇಯ್ದ ಕರಿ ಕಂಬಳಿ ಮಳೆಗೆ ಕೊಪ್ಪೆ, ರಾತ್ರಿಗೆ ಹೊದಿಕೆ, ನೆಂಟರು ಬಂದರೆ ಹಾಸು. ಅದಕ್ಕೆ ಬಣ್ಣವೂ ಬೇಡ, ಕರಿ ಕುರಿಯ ಮೈಬಣ್ಣವೇ ಸಾಕು. ಈ ಕೆಲಸಕ್ಕೆ ಮೆರಿನೋದ ನಯ ಏತಕ್ಕೆ?

ಈಗ ಕುರಿ ಸಾಕಣೆ ಹೆಚ್ಚಾಗಿ ಮಾಂಸಕ್ಕೇ. ದಖ್ಖನ್ ಬಯಲಿನ ಹಲವೆಡೆ ಉಣ್ಣೆ ಮಾರಿದ ದುಡ್ಡು ಕತ್ತರಿಸುವ ಕೂಲಿಗೂ ಸಾಲದೆ, ಕುರಿಗಾರರು ಅದನ್ನು ಹೊಲದ ಬದುವಿಗೆ ಸುರಿದು ಮಂದೆ ಹೊಡೆದುಕೊಂಡು ಮುಂದೆ ಹೋಗುತ್ತಾರೆ.